ಮೊದಲ ಕೆಲಸದ ವರ್ಷಗಳಲ್ಲಿ ಸ್ವಂತಕ್ಕೆ ಸಮಯ ಉಳಿಸಿಕೊಂಡವರು ಅನುಭವ ತಿಳಿಸಿ

ಶರಾವತಿ ಕಡೆಯವಳು:
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವಳು. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿ ಎರಡು ವರ್ಷವಾಗುತ್ತ ಬಂತು. ಕೈಗೆ ಬರುವ 41,000 ರೂಪಾಯಿಯಲ್ಲಿ ಓದಿನ ಸಾಲದ ಕಂತಿಗೆ 8,400, ಮಾರತ್ತಹಳ್ಳಿಯ ಪಿಜಿಗೆ 9,500, ಮನೆಗೆ 10,000 ಹೋಗುತ್ತದೆ. ಅಮೆರಿಕದ ಕ್ಲೈಂಟ್ ಜೊತೆಗಿನ ಕಾಲ್‌ಗಳು ರಾತ್ರಿ ಹತ್ತೂವರೆಯವರೆಗೆ ನಡೆಯುವುದರಿಂದ, ಚಿಕ್ಕಂದಿನಿಂದ ಕಲಿಯುತ್ತಿದ್ದ ಹಿಂದೂಸ್ತಾನಿ ಗಾಯನ ನಿಂತೇ ಹೋಗಿದೆ. ಈಗ ಮೈಸೂರಿನ ಒಂದು ಚಿಕ್ಕ ಕಂಪನಿ ಕೈಗೆ 32,000 ಬರುವ ಕೆಲಸ ಕೊಡುತ್ತೇವೆ, ಸಂಜೆ ಆರಕ್ಕೆ ಬಿಡುತ್ತೇವೆ ಎನ್ನುತ್ತಿದೆ. ಇಲ್ಲಿ ಕೆಲಸ ಬಿಡಬೇಕಾದರೆ 90 ದಿನ ಮೊದಲೇ ನೋಟಿಸ್ ಕೊಡಬೇಕು. ಇಂಥ ಆಯ್ಕೆ ಮಾಡಿದವರು ದಯವಿಟ್ಟು ತಿಳಿಸಿ.

ಮೈಸೂರಿಗ:
ತಂಗಿ, ನಾನು 2021ರಲ್ಲಿ ಬೆಂಗಳೂರು ಬಿಟ್ಟು ಮೈಸೂರಿಗೆ ಬಂದವನು, ಮತ್ತು ಆ ತೀರ್ಮಾನ ಸರಿಯಾಗಿತ್ತು ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ಖರ್ಚಿನ ವಿಚಾರವನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಬಿಟಿಎಂ ಬಡಾವಣೆಯ ಮನೆಗೆ 1,20,000 ಮುಂಗಡ ಕೊಟ್ಟಿದ್ದೆ. ಬಿಡುವಾಗ ಮಾಲೀಕರು ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ 12,000, ಸಿಂಕಿನ ನಲ್ಲಿಗೆ 1,800, ಬಾತ್‌ರೂಮಿನ ಚಿಲಕಕ್ಕೆ 650, ಮನೆ ತೊಳೆಸಲು 2,500 ಹಿಡಿದುಕೊಂಡರು. ಆ ಚಿಲಕ ನಾನು ಮನೆ ಸೇರಿದ ದಿನವೇ ಸಡಿಲವಿತ್ತು, ಅದರ ಫೋಟೋ ಕೂಡ ನನ್ನ ಬಳಿ ಇದೆ. ಸಾಮಾನು ಸಾಗಿಸಲು ಟೆಂಪೋದವನು 14,000ಕ್ಕೆ ಒಪ್ಪಿ, ಕುವೆಂಪುನಗರದಲ್ಲಿ ಇಳಿಸುವ ಹೊತ್ತಿಗೆ ಹಮಾಲರಿಗೆ ಬೇರೆ 3,000 ಎಂದ. ಹಿಂದಿನ ಕಂಪನಿಯ ಪಿಎಫ್ ತೆಗೆದು ಹೊಸ ಮನೆಯ ಮುಂಗಡ, ಗ್ಯಾಸ್ ಸಂಪರ್ಕ, ಹಳೆಯ ಸ್ಕೂಟರ್ ಮೂರನ್ನೂ ಹೊಂದಿಸಿದೆ.

ಸಂಬಳ ಮೊದಲ ವರ್ಷ ಏರಲಿಲ್ಲ, ಎರಡನೆಯ ವರ್ಷ ನೂರಕ್ಕೆ ನಾಲ್ಕು ಏರಿತು. ನನ್ನ ಜೊತೆ ಸೇರಿದವರು ಈಗ ನನ್ನ ದುಪ್ಪಟ್ಟು ತೆಗೆದುಕೊಳ್ಳುತ್ತಾರೆ. ಮದುವೆಮನೆಗಳಲ್ಲಿ ಪ್ಯಾಕೇಜ್ ಎಷ್ಟು ಎಂದು ಕೇಳುವ ಬಂಧುಗಳ ಮುಂದೆ ನನ್ನ ತಂದೆ ಮಾತು ಬದಲಿಸುತ್ತಾರೆ, ಅದು ನೋಯುತ್ತದೆ. ಆದರೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ಸ್ಕೂಟರಿನಲ್ಲಿ ಹೊರಟರೆ ಬೆಳಕಿರುವಾಗಲೇ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿರುತ್ತೇನೆ. ಬೆಂಗಳೂರಿನಲ್ಲಿದ್ದಾಗ ಬಂದಿದ್ದ ರಕ್ತದೊತ್ತಡದ ಮಾತ್ರೆಯನ್ನು ವೈದ್ಯರೇ ನಿಲ್ಲಿಸಿದ್ದಾರೆ.

ಸಿಲ್ಕ್‌ಬೋರ್ಡ್ ದಾಟಿದವನು:
ಕೆರೆ ಏರಿಯ ಮೇಲೆ ನಡೆಯುವುದಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ಕೆರೆ ಬಂದು ಬಿಲ್ ಕಟ್ಟುವುದಿಲ್ಲ. ನಾನು ಬೆಂಗಳೂರು ಬಿಡಲಿಲ್ಲ. ನಾಲ್ಕನೆಯ ವರ್ಷ ತಂದೆಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಅದನ್ನು ತಡೆದುಕೊಳ್ಳಲು ಆದದ್ದು ತಂದೆತಾಯಿಯನ್ನೂ ಸೇರಿಸಿಕೊಂಡ ಕಂಪನಿಯ 5 ಲಕ್ಷದ ಗುಂಪು ವಿಮೆಯಿಂದ ಮತ್ತು ನಾನು ಕೂಡಿಟ್ಟ ಹಣದಿಂದ. ಬಿಲ್ 4,86,000 ಆಗಿತ್ತು. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ 5,000, ಖಾಲಿ ಇದ್ದದ್ದು 8,000ದ ಕೊಠಡಿ. ದಿನಕ್ಕೆ 3,000 ವ್ಯತ್ಯಾಸ ತಾನೇ, ನಾವು ಕಟ್ಟೋಣ ಎಂದುಕೊಂಡರೆ, ವಿಮೆಯವರು ಅದೇ ಅನುಪಾತದಲ್ಲಿ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ ತಜ್ಞರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕ ಎಲ್ಲವನ್ನೂ ಕತ್ತರಿಸಿದರು. ಮಂಜೂರಾದದ್ದು 3,31,000. ಉಳಿದ 1,55,000 ರೂಪಾಯಿಯನ್ನು ರಾತ್ರಿಯೇ ಕಟ್ಟಿದ ಮೇಲೆ ಬಿಡುಗಡೆಯ ಕಾಗದ ಕೈಗೆ ಬಂತು. ಮೈಸೂರಿನ ಸಂಬಳದಲ್ಲಿ ಅದನ್ನು ಎಲ್ಲಿಂದ ತರುತ್ತಿದ್ದೆ?

ಮೊದಲ ಐದಾರು ವರ್ಷ ಮೈಮುರಿದು ದುಡಿಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಡುವು ಬೇಕೇ ಬೇಕು ಎನ್ನುವವರು ಬ್ಯಾಂಕ್ ಪರೀಕ್ಷೆ ಬರೆದು, ಹತ್ತರಿಂದ ನಾಲ್ಕರ ಕೆಲಸ ಮಾಡಿಕೊಂಡು ಹಾಯಾಗಿರಲಿ.

ಕೌಂಟರ್ ನಂಬರ್ 2:
ಹತ್ತರಿಂದ ನಾಲ್ಕರ ಕೆಲಸ ಎಂದು ಬರೆದವರಿಗೆ ಉತ್ತರ ಕೊಡದೆ ಸುಮ್ಮನಿರಲು ಆಗುವುದಿಲ್ಲ. ನಾನು ಉಡುಪಿ ಕಡೆಯವಳು, ಬ್ಯಾಂಕ್ ಕ್ಲರ್ಕ್, ಮೊದಲ ಪೋಸ್ಟಿಂಗ್ ಯಾದಗಿರಿ ಜಿಲ್ಲೆಯ ಒಂದು ಶಾಖೆ. ಗ್ರಾಹಕರ ವ್ಯವಹಾರ ನಾಲ್ಕಕ್ಕೆ ಮುಗಿಯುತ್ತದೆ, ಕ್ಯಾಷ್ ಟ್ಯಾಲಿ ಆಗುವವರೆಗೆ ನಾವು ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಒಂದು ಸಂತೆಯ ದಿನ, ಪಿಂಚಣಿಯವರು, ಚಿನ್ನದ ಸಾಲದವರು, ಬೆಳೆ ವಿಮೆಯವರು ಒಟ್ಟಿಗೆ ನೆರೆದಿದ್ದಾಗ, ಸಂಜೆ ಲೆಕ್ಕದಲ್ಲಿ 500ರ ನಾಲ್ಕು ನೋಟು ಕಡಿಮೆ ಬಂತು. ಕಟ್ಟುಗಳನ್ನೆಲ್ಲ ಬಿಚ್ಚಿ ಯಂತ್ರಕ್ಕೆ ಹಾಕಿದೆವು, ವೋಚರುಗಳನ್ನು ಒಂದೊಂದಾಗಿ ತಿರುವಿದೆವು, ಸಿಸಿಟಿವಿ ನೋಡಿದೆವು, ಸಿಗಲಿಲ್ಲ. 2,000 ರೂಪಾಯಿ ನನ್ನ ಕೈಯಿಂದ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ಶಾಖೆಯಲ್ಲಿ ಎಲ್ಲರೂ ನನ್ನ ಮುಖವನ್ನು ನೋಡಿದ ರೀತಿ ಈಗಲೂ ಕಾಡುತ್ತದೆ.

ಭಾನುವಾರ ಬಿಟ್ಟರೆ ವಾರದ ರಜೆಯಿರುವುದು ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ. ವಾರಕ್ಕೆ ಐದೇ ದಿನದ ಕೆಲಸ ಬೇಕೆಂದು ಬ್ಯಾಂಕ್ ನೌಕರರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ಹಾಯಾಗಿದ್ದರೆ ಯಾಕೆ ಕೇಳುತ್ತಿದ್ದರು, ಸ್ವಾಮಿ? ನನಗೂ ಹೆಮ್ಮೆಯಿದೆ, ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರಿಗೆ ಸಹಿ ಕಲಿಸಿದ್ದೇನೆ. ಆ ಹೆಮ್ಮೆಯನ್ನು ನಿಮ್ಮ ಒಂದು ಸಾಲಿನಲ್ಲಿ ಒರೆಸಿಹಾಕಬೇಡಿ.

ಸಿಲ್ಕ್‌ಬೋರ್ಡ್ ದಾಟಿದವನು:
ಮೇಡಂ, ನಿಮ್ಮ ಕೆಲಸವನ್ನು ಕೀಳಾಗಿ ಕಾಣುವುದು ನನ್ನ ಉದ್ದೇಶವಾಗಿರಲಿಲ್ಲ. ಆದರೆ ಕೆಲಸದ ಭದ್ರತೆ ನಿಮಗಿದೆ, ನಮಗಿಲ್ಲ ಎಂಬುದನ್ನು ನೀವೂ ಒಪ್ಪಬೇಕು.

ಕೌಂಟರ್ ನಂಬರ್ 2:
ಭದ್ರತೆಯನ್ನು ಒಪ್ಪುತ್ತೇನೆ. ಹಾಯಾಗಿದ್ದೇವೆ ಎಂಬುದನ್ನು ಒಪ್ಪುವುದಿಲ್ಲ.

ರಾತ್ರಿಪಾಳಿ:
ಮೈಮುರಿದು ದುಡಿಯಬೇಕು ಎಂಬ ಉಪದೇಶವನ್ನು ನಾವು ಸಾಕಷ್ಟು ಕೇಳಿದ್ದೇವೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ, ಅದನ್ನು ಮೀರಿದರೆ ದುಪ್ಪಟ್ಟು ದರದಲ್ಲಿ ಕೂಲಿ. 2024ರ ಜುಲೈನಲ್ಲಿ ಐಟಿ ವಲಯದ ಮಿತಿಯನ್ನು ಇನ್ನಷ್ಟು ಸಡಿಲಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು, ಆ ಗುಂಪಿನಲ್ಲಿ ನಾನೂ ಇದ್ದೆ. ನನ್ನ ರಾತ್ರಿಪಾಳಿಗೆ ಕಂಪನಿ ಕೊಟ್ಟದ್ದು ರಾತ್ರಿಗೆ 300 ರೂಪಾಯಿ ಭತ್ಯೆ. ಹೊಟ್ಟೆಯುರಿಗೆ ಎಂಡೋಸ್ಕೋಪಿ 4,200, ಅದಾದ ಮೇಲಿನ ಮಾತ್ರೆಗಳು ತಿಂಗಳಿಗೆ 1,100. ನನ್ನ ಭತ್ಯೆ ಯಾರ ಜೇಬಿಗೆ ಹೋಯಿತೆಂದು ನೀವೇ ಲೆಕ್ಕ ಹಾಕಿ.

ಸಿಲ್ಕ್‌ಬೋರ್ಡ್ ದಾಟಿದವನು:
ಆ ಕಾಯ್ದೆ ಪುಸ್ತಕದಲ್ಲಿದೆ. ದುಪ್ಪಟ್ಟು ಕೂಲಿ ಪಡೆದ ಒಬ್ಬ ಇಂಜಿನಿಯರನ್ನು ತೋರಿಸಿ.

ರಾತ್ರಿಪಾಳಿ:
ಕೇಳುವವರಿಲ್ಲದ ಕಾರಣಕ್ಕೆ ಅದು ಪುಸ್ತಕದಲ್ಲೇ ಉಳಿದಿದೆ. ಕೇಳಿದವರಿಗೆ ನೀವು ಬುದ್ಧಿ ಹೇಳಲು ಬರುತ್ತೀರಿ.

ಲೆಕ್ಕದ ಮೇಷ್ಟ್ರು:
ಮೈಸೂರಿಗ ಅವರು ಪಿಎಫ್ ತೆಗೆದ ಸಂಗತಿಯನ್ನು ಯಾರೂ ಗಮನಿಸಿದಂತಿಲ್ಲ. ನಿರಂತರ ಸೇವೆ ಐದು ವರ್ಷ ತುಂಬುವ ಮೊದಲು ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ, ಮೊತ್ತ 50,000 ಮುಟ್ಟಿದರೆ ಪ್ಯಾನ್ ಕೊಟ್ಟಿದ್ದರೂ ನೂರಕ್ಕೆ ಹತ್ತು ಮೊದಲೇ ಕಡಿತವಾಗುತ್ತದೆ. ಅದೇ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ಸಂಖ್ಯೆ) ಅಡಿಯಲ್ಲಿ ಹೊಸ ಕಂಪನಿಗೆ ವರ್ಗಾಯಿಸಿದ್ದರೆ ಹಳೆಯ ಸೇವೆಯೂ ಸೇರಿ ಲೆಕ್ಕವಾಗುತ್ತಿತ್ತು, 2023-24ರ ನೂರಕ್ಕೆ 8.25ರ ಬಡ್ಡಿಯೂ ಸಿಗುತ್ತಿತ್ತು. ಕೆಲಸ ಬದಲಿಸುವ ಎಳೆಯರು ಮೊದಲು ಕೈಹಾಕುವುದೇ ಆ ಹಣಕ್ಕೆ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೈಸೂರಿಗ:
ಮೇಷ್ಟ್ರೇ, ತೆರಿಗೆ ಕಟ್ಟಿಯೇ ತೆಗೆದೆ, ತಿಳಿದೇ ತೆಗೆದೆ. ಆಗ ನನಗಿದ್ದ ಇನ್ನೊಂದು ದಾರಿಯೆಂದರೆ ನೂರಕ್ಕೆ ಹದಿನಾಲ್ಕರ ವೈಯಕ್ತಿಕ ಸಾಲ. ನಿವೃತ್ತಿಯ ಬಡ್ಡಿ ಲೆಕ್ಕ ಹಾಕುವಷ್ಟು ನಿರಾಳ ಎಲ್ಲರಿಗೂ ಇರುವುದಿಲ್ಲ.

ಯಲಹಂಕದ ಅಕ್ಕ:
ಆ ಹುಡುಗಿ ಸಂಗೀತದ ವಿಷಯವನ್ನೂ ಬರೆದಿದ್ದಾಳೆ, ಅದನ್ನು ಯಾರಾದರೂ ಓದಿದಿರಾ? ನಾನು ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆಗೆ ಹಣ ಕಟ್ಟಿದ್ದ ವರ್ಷ, ಪರೀಕ್ಷೆಯ ದಿನವೇ ಕಂಪನಿಯಲ್ಲಿ ಸಾಫ್ಟ್‌ವೇರ್ ರಿಲೀಸ್ ಬಿತ್ತು. ರಜೆ ಕೇಳಿದ್ದಕ್ಕೆ ಮ್ಯಾನೇಜರ್ ಹಾಡು ಹೊಟ್ಟೆ ತುಂಬಿಸುತ್ತದೆಯೇ ಎಂದರು. ಪರೀಕ್ಷೆ ತಪ್ಪಿತು, ಮುಂದೆ ಮದುವೆ, ಮಗು, ಮತ್ತೆ ಕಟ್ಟಲು ಆಗಲೇ ಇಲ್ಲ. ಆದರೆ ಅಭ್ಯಾಸ ಬಿಡಲಿಲ್ಲ. ಪಿಜಿಯ ಕೋಣೆಯಲ್ಲಿ ಹಾಡಿದರೆ ಜೊತೆಯವರಿಗೆ ನಿದ್ದೆಗೇಡು. ಆದ್ದರಿಂದ ಬೆಳಗ್ಗೆ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಪಕ್ಕ ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು ಕೂರುತ್ತಿದ್ದೆ. ಪಂಪ್ ಶುರುವಾದರೆ ಅದರ ಗುಯ್ಯೆನ್ನುವ ಸದ್ದಿನಲ್ಲಿ ಶ್ರುತಿ ಕೇಳಿಸುತ್ತಿರಲಿಲ್ಲ, ನಿಲ್ಲುವವರೆಗೆ ಕಾಯಬೇಕಿತ್ತು. ಮಂದ್ರ ಸ್ಥಾಯಿಯ (ಕೆಳಗಿನ ಸ್ವರಗಳ) ಸಾಧನೆಗೆ ಪಂಪ್ ಸುಮ್ಮನಿದ್ದಷ್ಟು ಹೊತ್ತು ಸಾಕಾಗಿತ್ತು. ಗುರುಗಳಿಗೆ ಭಾನುವಾರದ ಪಾಠಕ್ಕೆ ತಿಂಗಳಿಗೆ 1,500 ಕೊಡುತ್ತಿದ್ದೆ, ಇನ್ಕ್ರಿಮೆಂಟ್ ಬಾರದ ವರ್ಷದಲ್ಲೂ ಅದನ್ನು ತಪ್ಪಿಸಲಿಲ್ಲ.

ಸಿಲ್ಕ್‌ಬೋರ್ಡ್ ದಾಟಿದವನು:
ನೋಡಿ, ಅಕ್ಕನವರು ಬೆಂಗಳೂರಿನಲ್ಲೇ ಇದ್ದು ಹಾಡಿದ್ದಾರೆ. ನಾನು ಹೇಳುತ್ತಿರುವುದೂ ಅದನ್ನೇ.

ಯಲಹಂಕದ ಅಕ್ಕ:
ನನ್ನನ್ನು ನಿಮ್ಮ ಪಕ್ಷಕ್ಕೆ ಎಳೆಯಬೇಡಿ. ಬೆಂಗಳೂರಿನಲ್ಲಿದ್ದುದರಿಂದಲೇ ನನಗೆ ಆ ಪರೀಕ್ಷೆ ತಪ್ಪಿದ್ದು.

ರಾತ್ರಿಪಾಳಿ:
ನೋಟಿಸ್ ವಿಚಾರ ನನಗೆ ಗೊತ್ತಿದೆ, ಬರೆಯುತ್ತೇನೆ. ಬೇಗ ಬಿಡುಗಡೆ ಬೇಕೆಂದಾಗ ನನ್ನ ಕಂಪನಿ ನೋಟಿಸ್ ಅವಧಿಯ ಉಳಿದ 52 ದಿನಗಳಿಗೆ ನಾನು ಕಟ್ಟಬೇಕಾದ ಹಣವನ್ನು ಮೂಲವೇತನದ ಬದಲು ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿತು. ನೇಮಕಾತಿ ಪತ್ರದಲ್ಲಿ ಮೂಲವೇತನ ಎಂದೇ ಇತ್ತು. ಅದನ್ನು ತೋರಿಸಿದ ಮೇಲೆ ಮೊತ್ತ ಅರ್ಧಕ್ಕಿಂತ ಕೆಳಗಿಳಿಯಿತು. ಅದರ ಮೇಲೆ 18% ಜಿಎಸ್‌ಟಿ ಬೇರೆ ಹಾಕಿದ್ದರು. ನೋಟಿಸ್ ವಸೂಲಿಗೆ ಜಿಎಸ್‌ಟಿ ಅನ್ವಯಿಸುವುದಿಲ್ಲವೆಂದು 2022ರ ಆಗಸ್ಟ್‌ನ ಸುತ್ತೋಲೆಯೇ ಸ್ಪಷ್ಟಪಡಿಸಿದೆ. ಸುತ್ತೋಲೆಯ ಪ್ರತಿ ಕಳುಹಿಸಿದ ಮರುವಾರ ಅದನ್ನೂ ತೆಗೆದರು.

ಶರಾವತಿ ಕಡೆಯವಳು:
ಎಲ್ಲರಿಗೂ ಧನ್ಯವಾದಗಳು. ಮೈಸೂರಿನವರು ಸಂಜೆ ಆರರ ಮಾತನ್ನು ಫೋನಿನಲ್ಲಿ ಹೇಳಿದ್ದಾರೆ, ಆಫರ್ ಲೆಟರ್‌ನಲ್ಲಿ ಬರೆದಿಲ್ಲ. ತಂದೆತಾಯಿಗೆ ವಿಮೆ ಇದೆಯೇ ಎಂದು ನಾನು ಕೇಳಿಯೇ ಇರಲಿಲ್ಲ. ಎರಡನ್ನೂ ಸೋಮವಾರ ಇಮೇಲ್‌ನಲ್ಲಿ ಕೇಳುತ್ತೇನೆ.

ಮೈಸೂರಿಗ:
ವಿಮೆ ಇಲ್ಲವೆಂದ ಮಾತ್ರಕ್ಕೆ ಬಿಡಬೇಡಿ, ಹೊರಗಡೆ ಕೊಳ್ಳಬಹುದು.

ಸಿಲ್ಕ್‌ಬೋರ್ಡ್ ದಾಟಿದವನು:
ಅರವತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ತಂದೆಗೆ ಹೊರಗಡೆ ವಿಮೆ ಎಷ್ಟಕ್ಕೆ ಸಿಗುತ್ತದೆಂದು ಒಮ್ಮೆ ವಿಚಾರಿಸಿ, ಆಮೇಲೆ ಸಲಹೆ ಕೊಡಿ.