ಹೆಸರಿಗೆ ಎಷ್ಟು, ದ್ರಾಕ್ಷಿಗೆ ಎಷ್ಟು

ಫ್ರಾನ್ಸಿನಲ್ಲಿರುವ ಕನ್ನಡಿಗರ ನಮ್ಮ ಗುಂಪಿನಲ್ಲಿ ಲಿಯೋನ್‌ನಿಂದ ತಂಗಿಯೊಬ್ಬರು ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಡಿಸೆಂಬರ್ 31ರ ರಾತ್ರಿ ಗಂಡನ ಸಹೋದ್ಯೋಗಿಯ ಮನೆಯಲ್ಲಿ ಊಟ, 25 ಯೂರೋ ಒಳಗೆ ಯಾವ ವೈನ್ ಬಾಟಲಿ ಒಯ್ಯಬೇಕು, ಜೊತೆಗೆ ಬರುವ ಒಂಬತ್ತು ವರ್ಷದ ಮಗನಿಗೆ ಏನು ಹೇಳಬೇಕು ಎಂಬುದು ಅವರ ಪ್ರಶ್ನೆ. ಮಕ್ಕಳನ್ನು ಬೆಳೆಸುವ ಬಗ್ಗೆ ಮಾತನಾಡುವ ಗುಂಪಿನಲ್ಲಿ ಮದ್ಯದ ಮಾತು ಬೇಡವೆಂದು ಹಿರಿಯರೊಬ್ಬರು ಬರೆದಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ನಾನು ಹುಟ್ಟಿದ ಮನೆಯೊಳಗೆ ಒಂದು ಹನಿಯೂ ಬಂದದ್ದಿಲ್ಲ. ಆದರೆ ಫ್ರಾನ್ಸಿನಲ್ಲಿ ಮಕ್ಕಳು ಪ್ರತಿ ಹುಟ್ಟುಹಬ್ಬ, ಪ್ರತಿ ಹೊಸವರ್ಷದ ಮೇಜಿನ ಮೇಲೆ ಬಾಟಲಿಯನ್ನು ನೋಡಿಯೇ ಬೆಳೆಯುತ್ತಾರೆ. ನಾವು ಸುಮ್ಮನಿದ್ದರೆ ಬೇರೆ ಯಾರಾದರೂ ಅವರಿಗೆ ಹೇಳಿಕೊಡುತ್ತಾರೆ.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವಳು. ಅಪ್ಪ ದ್ರಾಕ್ಷಿ ಬೆಳೆದವರು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುವುದು, ಆಮೇಲೆ ಗೊನೆಗಳನ್ನು ನೆರಳಿನ ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣದ್ರಾಕ್ಷಿ ಮಾಡುವುದು, ದರ ಬಿದ್ದಾಗ ಮನೆಯಲ್ಲಿ ಕವಿಯುವ ಮೌನ, ಇವೆಲ್ಲ ನನಗೆ ಗೊತ್ತು. ಮದುವೆಯಾಗಿ ಬಂದದ್ದು ರೀಮ್ಸ್ ನಗರಕ್ಕೆ. ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಸುತ್ತಲೂ ಶಾಂಪೇನ್ ಎಂಬ ಗುಳ್ಳೆಯ ವೈನಿನ ಸೀಮೆ. ನಗರದಿಂದ ಹತ್ತು ನಿಮಿಷ ಹೊರಗೆ ಹೋದರೆ ಮತ್ತೆ ದ್ರಾಕ್ಷಿ ಬಳ್ಳಿಗಳ ಸಾಲು. ಇಲ್ಲಿ ಬಾಟಲಿಯ ಲೇಬಲ್ ನೋಡಿದರೂ ನನಗೆ ಮೊದಲು ನೆನಪಾಗುವುದು ಬಳ್ಳಿ ಕತ್ತರಿಸಿದ ಕೈ.

ಹಾಗಿದ್ದೂ ಮೊದಲ ವರ್ಷ ನಾನು ಹೆಸರು ನೋಡಿಯೇ ಕೊಂಡೆ. ನೆರೆಯವರು ಊಟಕ್ಕೆ ಕರೆದಿದ್ದರು. ಎಲ್ಲರಿಗೂ ಗೊತ್ತಿರುವ ದೊಡ್ಡ ಶಾಂಪೇನ್ ಕಂಪನಿಯ (ಇಲ್ಲಿ ‘ಮನೆತನ’ ಎನ್ನುತ್ತಾರೆ) ಬಾಟಲಿಗೆ 52 ಯೂರೋ ಕೊಟ್ಟು, ಊಟದ ಕೊನೆಗೆ ಸಿಹಿಯ ಜೊತೆ ತೆರೆಯಿರಿ ಎಂದು ನಾನೇ ಆಸೆಯಿಂದ ಹೇಳಿದೆ. ಆ ಮನೆಯಾಕೆ ಸೇಬಿನ ಟಾರ್ಟ್ ಮಾಡಿದ್ದರು. ಒಂದು ತುತ್ತು ಟಾರ್ಟ್ ತಿಂದು ಗುಟುಕು ಹೀರಿದರೆ ಬಾಯಿಯೆಲ್ಲ ಹುಳಿ ಹುಳಿ. ಯಾರೂ ಏನೂ ಹೇಳಲಿಲ್ಲ, ಆದರೆ ಲೋಟಗಳು ಅರ್ಧ ತುಂಬಿಯೇ ಉಳಿದವು. ಮರುದಿನ ಆ ಹಿರಿಯ ಹೆಂಗಸು ನನ್ನನ್ನು ಅಡುಗೆಮನೆಗೆ ಕರೆದು ಖಾಲಿ ಬಾಟಲಿಯ ಲೇಬಲ್ ಮೇಲೆ ಬೆರಳಿಟ್ಟು ಓದಿಸಿದರು. ನನ್ನ ಮೊದಲ ಪಾಠ ಅದೇ.

ಅಲ್ಲಿ ‘ಬ್ರೂಟ್’ ಎಂದಿತ್ತು. ಎಂದರೆ ಲೀಟರಿಗೆ 12 ಗ್ರಾಮ್‌ಗಿಂತ ಕಡಿಮೆ ಸಕ್ಕರೆ. ‘ಎಕ್ಸ್‌ಟ್ರಾ ಬ್ರೂಟ್’ ಇನ್ನೂ ಒಣ, ಎಂದರೆ ಸಿಹಿ ಇನ್ನೂ ಕಡಿಮೆ, 6 ಗ್ರಾಮ್ ಒಳಗೆ. ‘ಎಕ್ಸ್‌ಟ್ರಾ ಡ್ರೈ’ ಎಂಬುದು ಮಾತ್ರ ಎಲ್ಲರನ್ನೂ ದಾರಿ ತಪ್ಪಿಸುತ್ತದೆ: ಹೆಸರಿನಲ್ಲಿ ಒಣ, ಆದರೆ 12ರಿಂದ 17 ಗ್ರಾಮ್, ಬ್ರೂಟ್‌ಗಿಂತ ಸಿಹಿ. ಸಿಹಿತಿಂಡಿಯ ಜೊತೆ ಕುಡಿಯುವುದಕ್ಕೆ ‘ದೆಮಿ ಸೆಕ್’ ಬೇಕು, ಅದರಲ್ಲಿ 32ರಿಂದ 50 ಗ್ರಾಮ್. ಬ್ರೂಟ್ ಊಟಕ್ಕೆ ಮೊದಲು, ಉಪ್ಪು ಮತ್ತು ಎಣ್ಣೆಯ ತಿನಿಸಿನ ಜೊತೆ ಚೆನ್ನ. ನಮ್ಮ ಚಕ್ಕುಲಿ, ಕೋಡುಬಳೆ, ತುಪ್ಪದಲ್ಲಿ ಹುರಿದ ಗೋಡಂಬಿ ಅದಕ್ಕೆ ಹೇಳಿ ಮಾಡಿಸಿದಂತಿವೆ. ಬರುವವರಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು ನೋಡಿ. ಮಿರ್ಚಿ ಭಜಿ ಮಾತ್ರ ಬೇಡ, ಖಾರವನ್ನು ಗುಳ್ಳೆಗಳು ಇನ್ನಷ್ಟು ಕೆರಳಿಸುತ್ತವೆ.

ಈಗ ದುಡ್ಡಿನ ಮಾತು. ಒಂದು ಲೆಕ್ಕ ಗೊತ್ತಿದ್ದರೆ ಉಳಿದದ್ದು ಸುಲಭ. ಇಲ್ಲಿಯ ನಿಯಮದಂತೆ 4000 ಕಿಲೋ ದ್ರಾಕ್ಷಿಯನ್ನು ಹಿಂಡಿ 2550 ಲೀಟರ್ ರಸವನ್ನು ಮಾತ್ರ ತೆಗೆಯಬಹುದು. ಒಂದು ಬಾಟಲಿಗೆ ಸುಮಾರು 1.2 ಕಿಲೋ ದ್ರಾಕ್ಷಿ ಬಿತ್ತು. ಶಾಂಪೇನ್ ದ್ರಾಕ್ಷಿಯ ದರ ಕಿಲೋಗೆ 6 ಯೂರೋ ಮೀರಿದೆ. ಕೊಯ್ಲಿಗೆ ಯಂತ್ರ ಇಳಿಸುವಂತಿಲ್ಲ, ಗೊನೆಗಳನ್ನು ಕೈಯಿಂದಲೇ ಕತ್ತರಿಸಬೇಕು. ಮೊದಲ ಹುದುಗು ಮುಗಿದ ವೈನಿಗೆ ಸಕ್ಕರೆ, ಈಸ್ಟ್ ಸೇರಿಸಿ ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸುತ್ತಾರೆ; ಗುಳ್ಳೆ ಹುಟ್ಟುವುದು ಹಾಗೆ. ವರ್ಷ ನಮೂದಿಸದ ಸಾಮಾನ್ಯ ಬಾಟಲಿಯೂ ನೆಲಮಾಳಿಗೆಯಲ್ಲಿ ಕನಿಷ್ಠ 15 ತಿಂಗಳು, ವರ್ಷ ಬರೆದ ಬಾಟಲಿ ಕನಿಷ್ಠ 3 ವರ್ಷ ಮಲಗಿರಬೇಕು. ದ್ರಾಕ್ಷಿಗೇ ಏಳು ಯೂರೋ ಮೀರುವಾಗ ಹತ್ತು ಯೂರೋಗೆ ಒಳ್ಳೆಯ ಶಾಂಪೇನ್ ಎಲ್ಲಿಂದ ಬರಬೇಕು?

ಆದ್ದರಿಂದ ಕೈಯಲ್ಲಿ ಹತ್ತು ಹನ್ನೆರಡು ಯೂರೋ ಇದ್ದರೆ ಶಾಂಪೇನ್ ಬಿಡಿ, ಕ್ರೆಮಾಂ ಕೊಳ್ಳಿ. ಇದೂ ಬಾಟಲಿಯಲ್ಲೇ ಎರಡನೆಯ ಸಲ ಹುದುಗಿದ್ದು, ಇದರ ದ್ರಾಕ್ಷಿಯನ್ನೂ ಕೈಯಿಂದಲೇ ಕೊಯ್ಯುತ್ತಾರೆ, ಈಸ್ಟಿನ ಗಸಿಯ ಮೇಲೆ ಕನಿಷ್ಠ 9 ತಿಂಗಳು ಇಡುತ್ತಾರೆ. ಸೀಮೆ ಬೇರೆ. ಅಲ್ಸಾಸ್, ಲ್ವಾರ್, ಬುರ್ಗೋನ್, ಲಿಮೂ, ಜುರಾ ಕಡೆಯವು ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ನಮ್ಮ ಮನೆಗೆ ನೆಂಟರು ಬಂದರೆ ನಾನು ಇಡುವುದು ಲ್ವಾರ್ ಕ್ರೆಮಾಂ. ಈ ಊರಿನವರೇ ಕುಡಿದು ಹೊಗಳಿದ್ದಾರೆ. ಸ್ಪೇನಿನ ಕಾವಾ ಕೂಡ ಇದೇ ವಿಧಾನದ್ದು. ಇಟಲಿಯ ಪ್ರೊಸೆಕ್ಕೋ ಹುದುಗುವುದು ದೊಡ್ಡ ಉಕ್ಕಿನ ತೊಟ್ಟಿಯಲ್ಲಿ, ಹಣ್ಣಿನ ರುಚಿ ಹೆಚ್ಚು, ಬೆಲೆ ಕಡಿಮೆ. ಅದನ್ನು ಕೀಳೆಂದು ನಾನು ಹೇಳುವುದಿಲ್ಲ. ಆದರೆ ಶಾಂಪೇನ್ ಬದಲಿಗೆ ಇಡುವುದಾದರೆ ನನ್ನ ಮತ ಕ್ರೆಮಾಂಗೆ.

ತಂಗಿಯ 25 ಯೂರೋಗೆ ಬರೋಣ. ನನಗೆ ಅತ್ಯಂತ ಪ್ರೀತಿಯ ಬೆಲೆ ಇದು, ಏಕೆಂದರೆ ಈ ದುಡ್ಡಿಗೆ ನೀವು ರೈತನಿಂದಲೇ ಕೊಳ್ಳಬಹುದು. ಪ್ರತಿ ಶಾಂಪೇನ್ ಲೇಬಲ್ಲಿನ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಎರಡಕ್ಷರದ ಗುರುತು, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಆರ್‌ಎಮ್ ಎಂದಿದ್ದರೆ ತನ್ನ ತೋಟದ ದ್ರಾಕ್ಷಿಯಿಂದ ತಾನೇ ಮಾಡಿದ ಬೆಳೆಗಾರ. ಎನ್‌ಎಮ್ ಎಂದರೆ ಹೊರಗಿನಿಂದಲೂ ದ್ರಾಕ್ಷಿ ಕೊಂಡು ಮಾಡುವ ಮನೆತನ. ಹೆಸರುವಾಸಿಯಾದವೆಲ್ಲ ಹೆಚ್ಚಾಗಿ ಇವೇ. ಸಿಎಮ್ ಸಹಕಾರ ಸಂಘದ್ದು. ಎಮ್‌ಎ ಎಂದರೆ ಅಂಗಡಿಯೋ ವ್ಯಾಪಾರಿಯೋ ಬೇರೆಯವರಿಂದ ಮಾಡಿಸಿ ತನ್ನ ಹೆಸರು ಅಂಟಿಸಿಕೊಂಡದ್ದು. ಹತ್ತು ಕನ್ನಡಿಗರಿಗೆ ಕೇಳಿದರೆ ಒಂಬತ್ತು ಜನಕ್ಕೆ ಈ ಅಕ್ಷರಗಳು ಕಂಡಿರುವುದಿಲ್ಲ. ದಯವಿಟ್ಟು ಮುಂದಿನ ಸಲ ಹುಡುಕಿ.

ಎಪೆರ್ನೆ ಊರಿನ ದಕ್ಷಿಣಕ್ಕೆ ಕ್ರಮಾಂ, ಅವೀಜ್ ಹಳ್ಳಿಗಳ ಸೀಮೆಸುಣ್ಣದಂಥ ಬಿಳಿ ಮಣ್ಣಿನಲ್ಲಿ ಶಾರ್ಡೊನೆ ದ್ರಾಕ್ಷಿ ಹೆಚ್ಚು. ರೀಮ್ಸ್ ಬೆಟ್ಟದ ಆಚೆ ಬೂಜಿ, ಅಂಬೊನೆ ಕಡೆ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ಶಾರ್ಡೊನೆಯದು ಹಗುರ, ನಿಂಬೆಯ ಹುಳಿಯಂಥದು. ಪಿನೋ ನ್ವಾರ್‌ನದು ಮೈತುಂಬಿದ ರುಚಿ. ನಾವು ಹೋಗುವ ಬೆಳೆಗಾರರ ಮನೆಯಲ್ಲಿ ಬಾಟಲಿಗೆ 22 ಯೂರೋ. ಅಂಗಳಕ್ಕೆ ಕಾಲಿಟ್ಟರೆ ಮೊದಲು ಮಳೆಯ ವಿಚಾರ, ಆಮೇಲೆ ಬೆಲೆಯ ವಿಚಾರ. ನಮ್ಮ ಅಪ್ಪ ಬಂದಿದ್ದಾಗ ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಬಳ್ಳಿಯ ಕಣ್ಣು ತೋರಿಸುತ್ತ ಒಂದು ಗಂಟೆ ಸಾಲಿನ ನಡುವೆ ನಡೆದರು. ಅಪ್ಪ ಲೋಟ ಮುಟ್ಟಲಿಲ್ಲ. ಆ ಬೆಳೆಗಾರ ಒತ್ತಾಯಿಸಲಿಲ್ಲ, ಅವರ ಕೈಗೆ ಒಂದು ಗೊನೆ ಕೊಟ್ಟರು.

35ರಿಂದ 55 ಯೂರೋ ನಡುವೆ ದೊಡ್ಡ ಮನೆತನಗಳ ಬಾಟಲಿಗಳಿವೆ. ಹಲವು ವರ್ಷಗಳ ವೈನ್ ಬೆರೆಸಿ ಪ್ರತಿ ಸಲವೂ ಒಂದೇ ರುಚಿ ಬರುವಂತೆ ಮಾಡುವುದು ಅವರ ದೊಡ್ಡ ವಿದ್ಯೆ, ಅದನ್ನು ನಾನು ಗೌರವಿಸುತ್ತೇನೆ. ಕೊಡುವವರಿಗೂ ಪಡೆಯುವವರಿಗೂ ಹೆಸರು ಗೊತ್ತಿರಬೇಕಾದ ಸಂದರ್ಭವಿದ್ದರೆ ಕೊಳ್ಳಿ. ನನ್ನ ಕೈಗೆ ಅಷ್ಟು ದುಡ್ಡು ಕೊಟ್ಟರೆ ಬೆಳೆಗಾರರೊಬ್ಬರ ವರ್ಷ ನಮೂದಿಸಿದ ಬಾಟಲಿ ತರುತ್ತೇನೆ. ಇನ್ನೂರು ಯೂರೋ ಮೀರಿದವುಗಳ ಬಗ್ಗೆ ಕೇಳಬೇಡಿ. ಮಕ್ಕಳ ಬೇಸಿಗೆ ರಜೆಗೆ ಊರಿಗೆ ಹೋಗುವ ಟಿಕೆಟ್ಟಿಗೆ ಆ ದುಡ್ಡು ಸೇರಲಿ.

ಗುಳ್ಳೆಯಿಲ್ಲದ ವೈನ್ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಕೆಂಪು ವೈನಿನಲ್ಲಿ ದ್ರಾಕ್ಷಿ ಸಿಪ್ಪೆಯ ಒಗರು ಇರುತ್ತದೆ. ನಮ್ಮ ಎಣ್ಣೆಗಾಯಿ, ಹುಳಿ, ಪಲ್ಯದ ಖಾರದ ಜೊತೆ ಆ ಒಗರು ಸೇರಿದರೆ ನಾಲಿಗೆ ಉರಿಯುತ್ತದೆ. ಆದ್ದರಿಂದ ನಮ್ಮ ಊಟಕ್ಕೆ ಕರೆದಾಗ ಬೋರ್ದೋ ಸೀಮೆಯ ಕೆಂಪು ವೈನ್ ಬೇಡ. ಬಿಳಿ ವೈನ್ ಇಡಿ: ಹತ್ತು ಯೂರೋ ಆಸುಪಾಸಿನ ಅಲ್ಸಾಸ್ ರೀಸ್ಲಿಂಗ್ ಅಥವಾ ಗೆವುರ್ಟ್ಸ್‌ಟ್ರಾಮಿನರ್, ಇಲ್ಲವೇ ತುಸು ಸಿಹಿ ಇರುವ ವುವ್ರೇ. ಕೆಂಪೇ ಬೇಕೆಂದರೆ ಒಗರು ಕಡಿಮೆ ಇರುವ ಬೊಜೊಲೆ; ಅದರಲ್ಲೂ ಮೋರ್ಗೋನ್, ಫ್ಲೂರಿಯಂಥ ಹಳ್ಳಿಯ ಹೆಸರಿನವು ಹದಿನೈದು ಯೂರೋ ಒಳಗೇ ಸಿಗುತ್ತವೆ. ಸೆಪ್ಟೆಂಬರಿನಲ್ಲಿ ದೊಡ್ಡ ಅಂಗಡಿಗಳಲ್ಲಿ ವೈನ್ ಮೇಳ ನಡೆಯುತ್ತದೆ, ವರ್ಷಕ್ಕೆ ಬೇಕಾದದ್ದನ್ನು ಆಗಲೇ ಕೊಂಡಿಡಬಹುದು.

ಸಸ್ಯಾಹಾರಿ ಮನೆಯವರಿಗೆ ಒಂದು ಮಾತು. ವೈನ್ ತಿಳಿಯಾಗಲೆಂದು ಕೆಲವರು ಮೊಟ್ಟೆಯ ಬಿಳಿ, ಮೀನಿನ ಅಂಟು, ಜೆಲಟಿನ್ ಬಳಸುತ್ತಾರೆ. ನನಗೆ ಇದು ಗೊತ್ತಾದದ್ದು ಬಂದು ಮೂರು ವರ್ಷಗಳಾದ ಮೇಲೆ. ಇಂಥವು ಬೇಡವಾದವರು ವೀಗನ್ ಗುರುತು ಇರುವ ಬಾಟಲಿ ಹುಡುಕಬೇಕು, ಬೆಳೆಗಾರರಿಂದ ಕೊಳ್ಳುವಾಗ ನೇರವಾಗಿ ಕೇಳಬೇಕು. ಅವರು ಬೇಸರಿಸದೆ ಹೇಳುತ್ತಾರೆ.

ಹೂವು ಒಯ್ಯಿರಿ ಎಂದು ಸಲಹೆ ಕೊಟ್ಟವರಿಗೂ ಒಂದು ಎಚ್ಚರಿಕೆ: ಸೇವಂತಿಗೆ ಬೇಡ. ನಮಗೆ ಅದು ದೇವರ ಮುಡಿಯ ಹೂವು, ಇಲ್ಲಿ ನವೆಂಬರ್ 1ರಂದು ಸಮಾಧಿಗಳ ಮೇಲೆ ಇಡುವ ಹೂವು.

ಇನ್ನು ಮಕ್ಕಳು. ನನ್ನ ಮಗಳಿಗೆ ಈಗ ಹನ್ನೊಂದು. ಕೆಲವು ಮನೆಗಳಲ್ಲಿ ಅಜ್ಜಂದಿರು ಪ್ರೀತಿಯಿಂದ ಮಗುವಿನ ತುಟಿಗೆ ಲೋಟ ತಾಕಿಸುತ್ತಾರೆ, ಹಳೆಯ ರೂಢಿ. ಇಲ್ಲಿಯ ಶಾಲೆಗಳ ಊಟದ ಮನೆಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಮದ್ಯ ಕೊಡುವುದನ್ನು ನಿಷೇಧಿಸಿದ್ದೇ 1956ರಲ್ಲಿ ಎಂದರೆ ಆ ರೂಢಿ ಎಷ್ಟು ಆಳದ್ದೆಂದು ತಿಳಿಯುತ್ತದೆ. ನಾನು ನಗುತ್ತಲೇ ಕೈ ಅಡ್ಡ ಹಿಡಿಯುತ್ತೇನೆ. ಹದಿನೆಂಟು ತುಂಬುವವರೆಗೆ ಒಂದು ಹನಿಯೂ ಇಲ್ಲ, ಇದರಲ್ಲಿ ನಮ್ಮ ಮನೆಯಲ್ಲಿ ರಾಜಿಯಿಲ್ಲ. ಮಕ್ಕಳಿಗೆಂದೇ ಶಾಂಪೋಮಿ ಎಂಬ ಸೇಬಿನ ಗುಳ್ಳೆಪಾನೀಯ ಎಲ್ಲ ಅಂಗಡಿಗಳಲ್ಲಿದೆ, ಹುಟ್ಟುಹಬ್ಬಗಳಲ್ಲಿ ಅದೇ ನಡೆಯುತ್ತದೆ. ತಂಗಿ, ಒಂದು ಬಾಟಲಿ ಅದನ್ನೂ ಒಯ್ಯಿರಿ. ಆ ಮನೆಯ ಮಕ್ಕಳೂ ಸಂತೋಷಪಡುತ್ತಾರೆ, ನಿಮ್ಮ ಮಗನೂ ಲೋಟ ಎತ್ತಬಹುದು.

‘ನಮ್ಮ ಮನೆಯಲ್ಲಿ ಯಾಕೆ ಕುಡಿಯುವುದಿಲ್ಲ?’ ಎಂದು ಅವನು ಕೇಳಿದರೆ ಕೆಟ್ಟವರು ಕುಡಿಯುತ್ತಾರೆ ಎನ್ನಬೇಡಿ. ಅವನ ಗೆಳೆಯರ ಅಪ್ಪ ಅಮ್ಮಂದಿರೆಲ್ಲ ಅವನ ಕಣ್ಣಿಗೆ ಕೆಟ್ಟವರಾಗುತ್ತಾರೆ, ಇಲ್ಲವೇ ನಿಮ್ಮ ಮಾತು ಸುಳ್ಳಾಗುತ್ತದೆ. ನನ್ನ ಮಗಳು ಇಂಥದ್ದೇ ಪ್ರಶ್ನೆ ಕೇಳಿದಾಗ ನಾನು ಹೇಳಿದ್ದು: ‘ಅಪ್ಪ ಕುಡಿಯುವುದಿಲ್ಲ, ಅದು ಅವರ ನಿರ್ಧಾರ. ನಾನು ಹಬ್ಬಕ್ಕೆ ಒಂದು ಲೋಟ ಕುಡಿಯುತ್ತೇನೆ, ಆ ದಿನ ಕಾರು ಓಡಿಸುವುದಿಲ್ಲ. ಇದು ದೇಹಕ್ಕೆ ಒಳ್ಳೆಯದೇನೂ ಅಲ್ಲ, ಹೆಚ್ಚಾದರೆ ಮನೆ ಹಾಳು.’ ಊರಿನಲ್ಲಿ ಕುಡಿತದಿಂದ ಹಾಳಾದ ನನ್ನ ಚಿಕ್ಕಪ್ಪನ ಕಥೆಯನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.

ಅಂದು ನೀವು ಕುಡಿಯದಿದ್ದರೆ, ಕುಡಿಯುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಹಣ್ಣಿನ ರಸ ಕೇಳಿ. ನೆಪ ಹೇಳಬೇಕಾಗಿಲ್ಲ. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಿ, ಅದನ್ನು ಅವರು ಗಮನಿಸುತ್ತಾರೆ. ನೀವು ತಂದ ಬಾಟಲಿಯನ್ನು ಅಂದೇ ತೆರೆಯದಿದ್ದರೂ ಬೇಸರ ಬೇಡ. ಊಟಕ್ಕೆ ಹೊಂದುವುದನ್ನು ಅವರು ಮೊದಲೇ ಆರಿಸಿರುತ್ತಾರೆ. ತೆರೆಯುವ ಕೆಲಸ ನಿಮ್ಮ ಮನೆಯವರ ಕೈಗೆ ಬಂದರೆ ಮಕ್ಕಳು ದೂರ ಇರಲಿ. ಒಳಗಿನ ಒತ್ತಡ ಕಾರಿನ ಚಕ್ರದ ಗಾಳಿಗಿಂತ ಎರಡು ಪಟ್ಟಿಗೂ ಹೆಚ್ಚು, ಬಿರಡೆ ಕಣ್ಣಿಗೆ ಬಡಿದರೆ ಅನಾಹುತ. ಬಿರಡೆಯ ಮೇಲೆ ಬಟ್ಟೆ ಹಾಕಿ ಗಟ್ಟಿಯಾಗಿ ಹಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಬೇಕು. ನಿಟ್ಟುಸಿರಿನಷ್ಟೇ ಸದ್ದು ಬರಬೇಕು. ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಸಾಕು, ಫ್ರೀಜರಿನಲ್ಲಿ ಇಟ್ಟು ಮರೆತರೆ ಒಡೆಯುತ್ತದೆ.

ಬಿರಡೆಯ ಮೇಲೆ ತಂತಿಯ ಬಲೆ ಇರುತ್ತದಲ್ಲ, ಅದರ ನೆತ್ತಿಯ ಮೇಲೊಂದು ಬಣ್ಣದ ತಗಡಿನ ಬಿಲ್ಲೆ ಇರುತ್ತದೆ. ಪ್ರತಿ ಬೆಳೆಗಾರನದೂ ಬೇರೆ ಬೇರೆ ಚಿತ್ರ. ಇಲ್ಲಿಯ ಮಕ್ಕಳು, ಮುದುಕರು ಎಲ್ಲರೂ ಅದನ್ನು ಕೂಡಿಹಾಕುತ್ತಾರೆ. ನನ್ನ ಮಗಳ ಹತ್ತಿರ ಬಿಸ್ಕತ್ತಿನ ಡಬ್ಬಿ ತುಂಬ ಇವೆ. ಒಂದೊಂದರ ಹಿಂದೆಯೂ ಯಾವ ಹಳ್ಳಿಯದೆಂದು ಬರೆದಿಟ್ಟಿದ್ದಾಳೆ. ಆ ರಾತ್ರಿ ಬಾಟಲಿ ತೆರೆದ ಮೇಲೆ ಬಿಲ್ಲೆಯನ್ನು ಕೇಳಿ ಇಟ್ಟುಕೊಳ್ಳಲು ನಿಮ್ಮ ಮಗನಿಗೆ ಹೇಳಿ. ಅವಳ ಬಳಿ ಇಲ್ಲದ್ದಾದರೆ ಅದಕ್ಕೆ ಬದಲಾಗಿ ಎರಡು ಕೊಡುತ್ತಾಳಂತೆ.