ಗ್ಯಾರೇಜಿನಲ್ಲಿ ಪೆಟ್ರೋಲ್ ಕ್ಯಾನ್, ಅದೇ ಗೋಡೆಗೆ ಇನ್ವರ್ಟರ್: ಇಡಬಹುದೇ?

ಫೋಂಡಾ ನಿವಾಸಿ:
ಎಲ್ಲರಿಗೂ ನಮಸ್ಕಾರ. ಧಾರವಾಡ ಬಿಟ್ಟು ಬಂದು ಇಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಳೆ ಹಿಡಿಯಿತೆಂದರೆ ಹುಲ್ಲು ಸೊಂಟದವರೆಗೆ ಏಳುತ್ತದೆ. ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತದೋ ಆ ಮಂಗೇಶನೇ ಬಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೂ ಸಣ್ಣ ಜನರೇಟರಿಗೂ ಪೆಟ್ರೋಲ್ ಬೇಕು. ನಮ್ಮ ಮನೆಯವರು ಅಡುಗೆ ಎಣ್ಣೆಯ ಐದು ಲೀಟರಿನ ಹಳೆಯ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿಸಿ ಗ್ಯಾರೇಜಿನ ಮೂಲೆಯಲ್ಲಿಟ್ಟಿದ್ದಾರೆ. ಅದೇ ಗೋಡೆಗೆ ಇನ್ವರ್ಟರ್ ಬ್ಯಾಟರಿ, ಎದುರಿಗೆ ಹಳೆಯ ಫ್ರಿಜ್, ಒಳಬಾಗಿಲು ತೆರೆದರೆ ಅಡುಗೆಮನೆ. ಕ್ಯಾನಿನ ಹೊಟ್ಟೆ ಉಬ್ಬಿದೆ, ಬೆಳಿಗ್ಗೆ ಬೀಗ ತೆಗೆದರೆ ವಾಸನೆ. "ಮುಚ್ಚಳ ಗಟ್ಟಿಯಾಗಿದೆ, ಏನೂ ಆಗುವುದಿಲ್ಲ" ಎಂಬುದು ಅವರ ವಾದ. ನೀವೇನು ಹೇಳುತ್ತೀರಿ?

ಭೋಸರಿ ಸ್ಟೋರ್ಸ್:
ಅಕ್ಕ, ವಾಸನೆ ಬರುತ್ತಿದೆ ಎಂದ ಮೇಲೆ ಮುಚ್ಚಳದ ವಾದ ಅಲ್ಲಿಗೇ ಮುಗಿಯಿತು. ಮೊದಲು ಹೊರಬಾಗಿಲು ತೆರೆದು ಗಾಳಿಯಾಡಲು ಬಿಡಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಕ್ಯಾನನ್ನು ಹೊರಗೆ ತನ್ನಿ. ಉಳಿದದ್ದನ್ನು ಆಮೇಲೆ ಓದಿ.

ನಾನು ಪುಣೆಯ ಭೋಸರಿಯಲ್ಲಿ ಕಾರ್ಖಾನೆಯೊಂದರ ದಾಸ್ತಾನು ನೋಡಿಕೊಳ್ಳುವವನು. ತಿನ್ನರ್, ಪೇಂಟುಗಳ ನಡುವೆಯೇ ನನ್ನ ಹಗಲು. ಜನ ದ್ರವಕ್ಕೆ ಹೆದರುತ್ತಾರೆ, ಹೆದರಬೇಕಾದದ್ದು ಆವಿಗೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಇನ್ನು ಗೋವಾದ ಸೆಖೆಯಲ್ಲಿ ಕೇಳಬೇಕೇ? ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಿನ ಗವಾಕ್ಷಿಯಿಂದ ಹೊರಟುಹೋಗುತ್ತದೆ ಎಂದುಕೊಳ್ಳಬೇಡಿ. ನೆಲ ಹಿಡಿದು ಹರಿದು ಬಾಗಿಲ ಸಂದಿಯಲ್ಲಿ ನುಸುಳುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಬೆರೆತರೆ ಒಂದು ಕಿಡಿ ಸಾಕು. ಹಳೆಯ ಫ್ರಿಜ್ ತನ್ನಷ್ಟಕ್ಕೆ ಚಾಲೂ ಆಗುವಾಗ ಕಂಪ್ರೆಸರಿನ ಬಳಿ ಕಿಡಿ ಹಾರುತ್ತದೆ, ಅದೂ ನೆಲದ ಹತ್ತಿರವೇ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆ. ಒಳ್ಳೆಯ ನೆರೆಹೊರೆ!

ಪೆಟ್ರೋಲಿಯಂ ಕಾಯ್ದೆ, 1934ರ 8ನೇ ಕಲಮಿನ ಪ್ರಕಾರ, ಮಾರಾಟಕ್ಕಲ್ಲದಿದ್ದರೆ 30 ಲೀಟರ್ ತನಕ ಪರವಾನಗಿ ಬೇಡ. ಆದರೆ ಬಿಗಿಯಾಗಿ ಮುಚ್ಚುವ ಲೋಹದ ಡಬ್ಬಿಯಲ್ಲಿರಬೇಕು, ಅದು 25 ಲೀಟರ್ ಮೀರಬಾರದು. ಗಾಜಿನದಾದರೆ ಒಂದೇ ಲೀಟರ್. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ನಿಮ್ಮ ಹುಲ್ಲಿಗೆ ಐದು ಲೀಟರಿನ ಲೋಹದ ಡಬ್ಬಿ ಧಾರಾಳವಾಯಿತು.

ವಾಸ್ಕೋ ಹಳಬ:
ಇಷ್ಟೊಂದು ಹೆದರಿಸಬೇಡಿ ಸ್ವಾಮಿ. ಅದೇ ಗ್ಯಾರೇಜಿನಲ್ಲಿ ಬೈಕ್ ನಿಲ್ಲಿಸುವುದಿಲ್ಲವೇ? ಅದರ ಟ್ಯಾಂಕಿನಲ್ಲಿ ಇರುವುದು ಪನ್ನೀರೇ?

ಭೋಸರಿ ಸ್ಟೋರ್ಸ್:
ಸರ್, ಟ್ಯಾಂಕನ್ನು ಪೆಟ್ರೋಲಿಗೆಂದೇ ಮಾಡಿರುತ್ತಾರೆ. ಈಗಿನ ಗಾಡಿಗಳಲ್ಲಿ ಆವಿಯನ್ನು ಹಿಡಿದಿಡಲು ಇದ್ದಿಲಿನ ಡಬ್ಬಿಯೂ ಇದೆ. ಅಡುಗೆ ಎಣ್ಣೆಯ ಕ್ಯಾನಿಗೆ ಆ ಯೋಗ್ಯತೆ ಎಲ್ಲಿಂದ ಬರಬೇಕು?

ವಾಸ್ಕೋ ಹಳಬ:
ಕ್ಯಾನಿನ ಮಾತು ಒಪ್ಪಿದೆ. ತಂಗಿ, ನಮ್ಮಲ್ಲಿ ಹಿತ್ತಿಲಿನಲ್ಲಿ ಮನೆಯಿಂದ ದೂರಕ್ಕೆ ಚಿರೆಕಲ್ಲಿನ ಸಣ್ಣ ಗೂಡು ಕಟ್ಟಿಸಿದ್ದೇವೆ. ಮೇಲೆ ನೆರಳಿಗೆ ಶೀಟು, ಬುಡದಲ್ಲೂ ತಲೆಯಲ್ಲೂ ಗಾಳಿಗೆ ಕಿಂಡಿ, ಬಾಗಿಲಿಗೆ ಬೀಗ. ಮಕ್ಕಳಿರುವ ಮನೆಯಾದರೆ ಬೀಗ ಬೇಕೇ ಬೇಕು. ತುಂಬಿಸುವಾಗ ಡಬ್ಬಿಯನ್ನು ಸ್ಕೂಟರಿನ ಮೇಲಿಟ್ಟುಕೊಳ್ಳದೆ ನೆಲಕ್ಕಿಡಿ, ಸ್ಥಾಯೀ ವಿದ್ಯುತ್ತಿನ ಕಿಡಿಯ ಭಯ ತಪ್ಪುತ್ತದೆ. ಕಂಠಪೂರ್ತಿ ತುಂಬಿಸಬೇಡಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕು.

ಫೋಂಡಾ ನಿವಾಸಿ:
ಕ್ಯಾನ್ ಹೊರಗೆ ಬಂತು. ಮನೆಯವರ ಮುಖವೂ ಉಬ್ಬಿದೆ. ಇನ್ನೊಂದು ಸಂಶಯ: ಹೋದ ಮಳೆಗಾಲದ ಪೆಟ್ರೋಲ್ ಒಂದಿಷ್ಟಿದೆ. ತಳದಲ್ಲಿ ಬೇರೆಯೇ ಪದರ ಕಾಣುತ್ತಿದೆ.

ಭೋಸರಿ ಸ್ಟೋರ್ಸ್:
ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹೆಚ್ಚಾದಾಗ ಎರಡೂ ಸೇರಿ ತಳಕ್ಕಿಳಿಯುತ್ತವೆ. ಅದನ್ನು ಯಂತ್ರಕ್ಕೆ ಹಾಕಬೇಡಿ. ಮೋರಿಗೆ, ಬಾವಿಯ ಆಸುಪಾಸಿಗೆ ಸುರಿಯಲೂ ಬೇಡಿ. ಹಳೆಯ ಎಂಜಿನ್ ಆಯಿಲನ್ನು ವಿಲೇವಾರಿಗೆ ಕಳಿಸುವ ಸರ್ವಿಸ್ ಸೆಂಟರಿನಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಮುಂದೆ ಒಂದೆರಡು ತಿಂಗಳಿಗೆ ಬೇಕಾದಷ್ಟೇ ತನ್ನಿ.

ಜೊತೆಗೆ ಒಣಪುಡಿಯ ಅಗ್ನಿಶಾಮಕವೊಂದನ್ನು ಗೂಡಿನೊಳಗಲ್ಲ, ಮನೆಯ ಬಾಗಿಲಲ್ಲಿ ತೂಗುಹಾಕಿ. ನೀರು ಎರಚಿದರೆ ಪೆಟ್ರೋಲ್ ಅದರ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಹರಡುತ್ತದೆ.