ಥೈರಾಯ್ಡ್ ಇದೆ, ಮುಂದಿನ ಹಲ್ಲಿಗೆ ಪೆಟ್ಟೂ ಬಿದ್ದಿದೆ: ಕ್ಲಿಪ್ ಹಾಕಿಸಬಹುದಾ?

ಗೋಣಿಕೊಪ್ಪದ ತಾಯಿ ಕೇಳಿದ್ದು

ಮಗಳಿಗೆ 14 ವರ್ಷ, ಹಾಕಿ ಆಡ್ತಾಳೆ. 7 ತಿಂಗಳ ಹಿಂದೆ ಸ್ಟಿಕ್ ತಾಗಿ ಮೇಲಿನ ಮುಂದಿನ ಹಲ್ಲೊಂದು ಹಿಂದಕ್ಕೆ ವಾಲಿತ್ತು. ಸರಿಯಾಗಿ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸೇರಿಸಿ 4 ವಾರ ತಂತಿ ಅಂಟಿಸಿದ್ದರು. ಈಗ ಹಲ್ಲು ಗಟ್ಟಿ ಇದೆ, ಬಣ್ಣ ಮಾತ್ರ ಸ್ವಲ್ಪ ಮಂಕು. ಕಳೆದ ತಿಂಗಳು ಥೈರಾಯ್ಡ್ ಕಮ್ಮಿ ಅಂತ ಗೊತ್ತಾಗಿ 50 ಮೈಕ್ರೋಗ್ರಾಂ ಥೈರಾಕ್ಸಿನ್ ಶುರು ಮಾಡಿದ್ದಾರೆ. ಉಬ್ಬು ಹಲ್ಲಿಗೆ ಕ್ಲಿಪ್ ಈಗಲೇ ಹಾಕಿಸಬಹುದಾ, ಕಾಯಬೇಕಾ? ತಿಳಿದವರು ಹೇಳಿ.

ವಕ್ರದಂತ ತಜ್ಞೆ, ವಿರಾಜಪೇಟೆ

ಅಕ್ಕ, ನಿಮಗೆ ಥೈರಾಯ್ಡ್ ದೊಡ್ಡದಾಗಿ ಕಾಣ್ತಿದೆ. ಆದರೆ ಇಲ್ಲಿ ತೀರ್ಮಾನ ಆಗಬೇಕಿರೋದು ಆ ಪೆಟ್ಟು ಬಿದ್ದ ಹಲ್ಲಿನಿಂದ.

ಹಲ್ಲು ಸರಿಯೋದು ಬೇರಿನ ಸುತ್ತ ಇರುವ ತೆಳು ಪೊರೆಯಿಂದ. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟುತ್ತದೆ. ಪೆಟ್ಟಿನಿಂದ ಆ ಪೊರೆ ಸತ್ತ ಜಾಗದಲ್ಲಿ ಬೇರು ನೇರವಾಗಿ ಮೂಳೆಗೇ ಅಂಟಿಕೊಳ್ಳಬಹುದು. ಹಾಗೆ ಅಂಟಿದ ಹಲ್ಲು ಎಷ್ಟು ಎಳೆದರೂ ಬರಲ್ಲ. ಬದಲಿಗೆ ಪಕ್ಕದ ಒಳ್ಳೆ ಹಲ್ಲುಗಳೇ ಅದರ ಕಡೆಗೆ ವಾಲಿ ಮೇಲಕ್ಕೆ ಹೋಗುತ್ತವೆ. ಬೆಳೆಯುವ ಮಕ್ಕಳಲ್ಲಿ ದವಡೆ ಇಳಿದ ಹಾಗೆ ಆ ಹಲ್ಲು ಮಾತ್ರ ಗಿಡ್ಡವಾಗಿ ಕಾಣುತ್ತದೆ.

ಅದಕ್ಕೆ ಮೊದಲು ತಟ್ಟಿ ನೋಡಿಸಿ. ಬಾಯಿ ಕನ್ನಡಿಯ ಹಿಡಿಯಿಂದ ಪಕ್ಕದ ಹಲ್ಲು ತಟ್ಟಿದರೆ ಮಂದ ಸದ್ದು ಬರುತ್ತದೆ, ಅಂಟಿದ ಹಲ್ಲು ಲೋಹ ತಟ್ಟಿದಂತೆ ಟಣ್ ಅನ್ನುತ್ತದೆ, ಒಂಚೂರೂ ಅಲ್ಲಾಡಲ್ಲ. "ಗಟ್ಟಿ ಇದೆ" ಅಂತ ಬರೆದಿದ್ದೀರಲ್ಲ, ಎಷ್ಟು ಗಟ್ಟಿ ಅನ್ನೋದೇ ಪ್ರಶ್ನೆ. ಆರೋಗ್ಯದ ಹಲ್ಲಿಗೂ ಕೂದಲೆಳೆಯಷ್ಟು ಅಲುಗಾಟ ಇರಬೇಕು.

ಕಾಯುವ ಲೆಕ್ಕ ಸುಮಾರು ಹೀಗೆ: ಹಲ್ಲು ಬರೀ ಅಲುಗಾಡಿದ್ದರೆ 3 ತಿಂಗಳು, ಜಾಗ ಬಿಟ್ಟು ಚೆನ್ನಾಗಿ ಸರಿದಿದ್ದರೆ 6 ತಿಂಗಳಿಂದ 1 ವರ್ಷ, ಒಳಕ್ಕೆ ಹೂತಿದ್ದರೆ ಅಥವಾ ಕಳಚಿ ಮತ್ತೆ ಕೂರಿಸಿದ್ದರೆ ಕನಿಷ್ಠ 1 ವರ್ಷ. ನಿಮ್ಮದು ನಡುವಿನದು. ಒಂದು ಹಲ್ಲಿನ ಎಕ್ಸ್‌ರೇ ತೆಗೆಸಿ, ಪೆಟ್ಟು ಬಿದ್ದಾಗಿನ ಎಕ್ಸ್‌ರೇ ಜೊತೆ ಇಟ್ಟು ನೋಡಲಿ. ಹಳೆ ಫಿಲ್ಮ್ ಬಿಸಾಡಿರದಿದ್ದರೆ ಅದೇ ಈಗ ಚಿನ್ನ.

ಮಕ್ಕಳ ದಂತವೈದ್ಯ, ಕುಶಾಲನಗರ

ಬಣ್ಣ ಮಂಕಾದದ್ದು ನನಗೆ ಚಿಂತೆಯ ವಿಷಯ. ಒಳಗಿನ ನರ ಸತ್ತಿರಬಹುದು, ಅಥವಾ ಆ ನರ ಇರುವ ನಾಳ ಒಳಗೊಳಗೇ ಮುಚ್ಚಿಕೊಳ್ಳುತ್ತಿರಬಹುದು. ತಣ್ಣನೆ ಸ್ಪ್ರೇ ಹಾಕಿ ಪರೀಕ್ಷೆ ಮಾಡಿಸಿ, ಪಕ್ಕದ ಹಲ್ಲಿನ ಜೊತೆ ಹೋಲಿಸಿ. ಕ್ಲಿಪ್ ಹಾಕಿದ ಮೇಲೆ ಈ ಪರೀಕ್ಷೆಗಳ ಉತ್ತರ ನಂಬಲು ಕಷ್ಟ, ಅದಕ್ಕೇ ಈಗಲೇ ಮಾಡಿಸಬೇಕು. ಬೇರಿನ ತುದಿಯಲ್ಲಿ ಕಪ್ಪು ನೆರಳು ಕಂಡರೆ ರೂಟ್ ಕೆನಾಲ್ ಮೊದಲು, ಕ್ಲಿಪ್ ಆಮೇಲೆ. ರೂಟ್ ಕೆನಾಲ್ ಆದ ಹಲ್ಲು ಜಾಗದಿಂದ ಸರಿಯೋದಿಲ್ಲ ಅನ್ನೋದು ತಪ್ಪು. ಸರಿಯೋದಕ್ಕೆ ಬೇಕಾದ್ದು ಹೊರಗಿನ ಪೊರೆ, ಒಳಗಿನ ನರ ಅಲ್ಲ.

ಫಾರ್ಮಸಿಸ್ಟ್, ಮಡಿಕೇರಿ

ಮಾತ್ರೆ ಬಗ್ಗೆ. ಬೆಳಿಗ್ಗೆ ಬರೀ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಏನೂ ಬೇಡ. ನಮ್ಮ ಕಡೆ ಎದ್ದ ತಕ್ಷಣ ಕಾಫಿ ಇಲ್ಲದೆ ಆಗಲ್ಲ, ಆದರೆ ಕಾಫಿ ಜೊತೆ ನುಂಗಿದರೆ ಮದ್ದು ಸರಿಯಾಗಿ ಹೀರಿಕೊಳ್ಳಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ. ಥೈರಾಕ್ಸಿನ್ ತೇವ, ಬಿಸಿ ಎರಡಕ್ಕೂ ಕೆಡುತ್ತದೆ. ಮಳೆಗಾಲದಲ್ಲಿ ಒಣಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ. ಕೂದಲಿಗೆ ಬಯೋಟಿನ್ ತಿನ್ನುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡುವ 2 ದಿನ ಮೊದಲೇ ನಿಲ್ಲಿಸಿ, ರಿಪೋರ್ಟ್ ತಪ್ಪು ಬರುತ್ತದೆ.

ಗೋಣಿಕೊಪ್ಪದ ತಾಯಿ

ಥ್ಯಾಂಕ್ಸ್. ಹಾಗಾದ್ರೆ ಥೈರಾಯ್ಡ್‌ಗೆ ಕಾಯೋದೇ ಬೇಡ್ವಾ ಡಾಕ್ಟ್ರೇ?

ವಕ್ರದಂತ ತಜ್ಞೆ, ವಿರಾಜಪೇಟೆ

ಸ್ವಲ್ಪ ಕಾಯಬೇಕು. ಮಾತ್ರೆ ಶುರುವಾಗಿ ಅಥವಾ ಡೋಸ್ ಬದಲಾಗಿ 6ರಿಂದ 8 ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ತಿಳಿಸುವ ರಕ್ತ ಪರೀಕ್ಷೆ) ನೋಡುತ್ತಾರೆ. ಅದು ಮಿತಿಯೊಳಗೆ ಬರಲಿ. ಥೈರಾಯ್ಡ್ ಕಮ್ಮಿಯಿದ್ದಾಗ ಮೂಳೆ ಕರಗೋದೂ ಕಟ್ಟೋದೂ ಎರಡೂ ನಿಧಾನ. ಹಲ್ಲು ಸರಿಯಲು ತಡವಾಗುತ್ತದೆ, ತಡ ಅಂತ ಬಲ ಹೆಚ್ಚಿಸಿದರೆ ಬೇರು ತಿಂದುಹೋಗುವ ಅಪಾಯ. ಥೈರಾಯ್ಡ್ ಜಾಸ್ತಿಯಿದ್ದರೆ ಉಲ್ಟಾ: ಮೂಳೆ ಬೇಗ ಕರಗಿ ಹಲ್ಲು ಬೇಗ ಸರಿಯುತ್ತದೆ, ಆದರೆ ಮೂಳೆ ಸಾಂದ್ರತೆ ಕಮ್ಮಿ. ಸರಿದ ಹಲ್ಲು ವಾಪಸ್ ಹೋಗದಂತೆ ರಿಟೇನರ್ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಬೇಗ ಮುಗಿಯಲಿ ಅಂತ ಯಾರೂ ಥೈರಾಕ್ಸಿನ್ ಡೋಸ್ ಏರಿಸಿಕೊಳ್ಳಬಾರದು. ಎದೆ ಬಡಿತ, ಮೂಳೆ ಎರಡಕ್ಕೂ ಕೇಡು.

ಟಿಎಸ್‌ಎಚ್ ಸರಿಯಾಗಿ, ಹಲ್ಲಿನ ಪರೀಕ್ಷೆಯೂ ಪಾಸಾದರೆ 0.012 ಅಥವಾ 0.014 ಇಂಚಿನ ಮೆದು ನಿಕಲ್-ಟೈಟಾನಿಯಂ ತಂತಿಯಿಂದ ಶುರು ಮಾಡಲಿ. 4 ವಾರಕ್ಕೊಮ್ಮೆ ಬಿಗಿ ಮಾಡುವ ಬದಲು 6ರಿಂದ 8 ವಾರಕ್ಕೆ. ಆ ಹಲ್ಲನ್ನು ಮೇಲಕ್ಕೆ ದೂಡುವ ಕೆಲಸ ಆದಷ್ಟು ಬೇಡ, ಬೇರಿನ ತುದಿಗೆ ಅದೇ ಹೆಚ್ಚು ಕಷ್ಟ. 6 ತಿಂಗಳಿಗೆ ಮತ್ತೆ ಎಕ್ಸ್‌ರೇ. ಬೇರು ಗಿಡ್ಡವಾಗಿದ್ದರೆ ಬಲ ಹಾಕದೆ 2ರಿಂದ 3 ತಿಂಗಳು ಹಾಗೇ ಬಿಡಬೇಕು. ಯಾವ ಹಂತದಲ್ಲಾದರೂ ಪಕ್ಕದ ಹಲ್ಲುಗಳು ಇದರ ಕಡೆ ವಾಲಲು ಶುರುವಾದರೆ ತಕ್ಷಣ ಈ ಹಲ್ಲಿಗೆ ಅಂಟಿಸಿದ ಬ್ರಾಕೆಟ್ (ತಂತಿ ಹಿಡಿಯುವ ತುಂಡು) ಬಿಚ್ಚಿಸಿ.

ನೋವಿಗೆ ಐಬುಪ್ರೊಫೆನ್ ದಿನವೂ ನುಂಗಿಸಬೇಡಿ, ಹಲ್ಲು ಸರಿಯೋದನ್ನು ಅದು ತಡೆಯುತ್ತದೆ. ಪ್ಯಾರಾಸಿಟಮಾಲ್ ಸಾಕು.

ಹಾಕಿ ಕೋಚ್, ಪೊನ್ನಂಪೇಟೆ

ಕ್ಲಿಪ್ ಇದ್ದಾಗ ಬಿಸಿನೀರಲ್ಲಿ ಅದ್ದಿ ಕಚ್ಚುವ ಸಾದಾ ಮೌತ್‌ಗಾರ್ಡ್ ಬೇಡ. ಹಲ್ಲು ಸರಿಯುತ್ತಾ ಹೋದಂತೆ ಅದು ಹಳೆ ಜಾಗಕ್ಕೇ ಒತ್ತಿ ಹಿಡಿಯುತ್ತದೆ, ಬ್ರಾಕೆಟ್‌ಗೂ ಸಿಕ್ಕಿಕೊಳ್ಳುತ್ತದೆ. ಕ್ಲಿಪ್ ಇರುವವರಿಗೆ ಅಂತಲೇ ಬರುವ ಸಿಲಿಕೋನ್ ಗಾರ್ಡ್ ಕೇಳಿ. ಇನ್ನು, ಯಾವ ಮಗುವಿನ ಹಲ್ಲಾದರೂ ಪೂರ್ತಿ ಕಳಚಿ ಬಿದ್ದರೆ ಬೇರು ಮುಟ್ಟದೆ ಬಿಳಿ ಭಾಗ ಹಿಡಿಯಿರಿ, ಉಜ್ಜಬೇಡಿ, ಹಾಲಲ್ಲಿ ಹಾಕಿ ಓಡಿ. ಒಣಗಿ 1 ಗಂಟೆ ದಾಟಿದರೆ ಬೇರಿನ ಪೊರೆ ಸತ್ತಂತೆ.

ಸೋಮವಾರಪೇಟೆಯಿಂದ ಒಬ್ಬರು

ತಂಗಿಗೆ ಥೈರಾಯ್ಡ್ ಜಾಸ್ತಿ, ಕಾರ್ಬಿಮಜೋಲ್ ನುಂಗ್ತಾಳೆ. ಕ್ಲಿಪ್ ಹಾಕಿಸಿದ ಮೇಲೆ ಬಾಯಲ್ಲಿ ಹುಣ್ಣು. ಕ್ಲಿಪ್ ಮೇಲೆ ವ್ಯಾಕ್ಸ್ (ಮೇಣ) ಹಚ್ಚಿದರೆ ಸಾಕಾ?

ವಕ್ರದಂತ ತಜ್ಞೆ, ವಿರಾಜಪೇಟೆ

ತಂತಿ ಚುಚ್ಚುವ ಜಾಗದಲ್ಲೇ ಒಂದೆರಡು ಹುಣ್ಣಿದ್ದರೆ ವ್ಯಾಕ್ಸ್ ಸಾಕು. ಆದರೆ ಹುಣ್ಣಿನ ಜೊತೆ ಜ್ವರ ಅಥವಾ ಗಂಟಲು ನೋವು ಬಂದರೆ ಕ್ಲಿಪ್ ಮೇಲೆ ತಪ್ಪು ಹೊರಿಸಿ ಸುಮ್ಮನಿರಬೇಡಿ. ಆ ಮಾತ್ರೆ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ ಬಿಳಿಕಣ ಎಣಿಸಿ, ಥೈರಾಯ್ಡ್ ಡಾಕ್ಟರಿಗೆ ತೋರಿಸಿ.